ಹಿತ್ತಲ ತೊಟ್ಟಿಯಲ್ಲಿ ಮೀನು, ಮೇಲಿನ ಮಡಿಯಲ್ಲಿ ಸೊಪ್ಪು

(ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ರೈತರ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ಸಿಂಧನೂರು ಎಂದರೆ ಭತ್ತದ ಕಣಜ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ಎರೆ ಭೂಮಿಯಲ್ಲಿ ಭತ್ತ ನಿಂತಿತು. ಅನ್ನಕ್ಕೆ ಕೊರತೆಯಿಲ್ಲ. ಆದರೆ ಅನ್ನದ ಪಕ್ಕಕ್ಕೆ ಬೇಕಾದ ಪಲ್ಯಕ್ಕಾಗಿ ಸಂತೆಯ ದಾರಿ ನೋಡುವ ಮನೆಗಳು ನಮ್ಮಲ್ಲಿ ಬಹಳ. ಗದ್ದೆಯ ಬದುವಿನ ಮೇಲೆ ನಾಲ್ಕು ಗಿಡ ಹಾಕಿದರೂ ಭತ್ತಕ್ಕೆ ಹೊಡೆದ ಔಷಧಿ ಅವುಗಳ ಮೇಲೂ ಬೀಳುತ್ತದೆ. ಆದ್ದರಿಂದ ಹಿತ್ತಲಲ್ಲಿಯೇ ಒಂದು ತೊಟ್ಟಿ ಮೀನು, ಅದರ ನೀರಿನಲ್ಲಿಯೇ ಒಂದು ಮಡಿ ಸೊಪ್ಪು ಬೆಳೆಯುವ ಕ್ರಮವನ್ನು ಇಂದು ತಿಳಿಸಲು ಬಯಸುತ್ತೇನೆ. ಇದಕ್ಕೆ ಅಕ್ವಾಪೋನಿಕ್ಸ್ ಎಂದು ಹೆಸರು. ನಾವು ಮೀನು-ತರಕಾರಿ ಜೋಡಿ ಬೇಸಾಯ ಎನ್ನೋಣ.

ಮೊದಲೇ ಒಂದು ಮಾತು. ಇದರಿಂದ ಸಾಲ ತೀರುವುದಿಲ್ಲ. ಲಕ್ಷಗಟ್ಟಲೆ ಬೆಲೆಯ ಸಿದ್ಧ ಘಟಕವನ್ನು ಕೊಂಡು ವರ್ಷದಲ್ಲಿ ಹಣ ತೆಗೆಯುವೆನೆಂದು ಹೊರಡುವುದು ಹೊಸಬರಿಗೆ ತಕ್ಕುದಲ್ಲ. ಮನೆಯ ಊಟಕ್ಕೆ ಔಷಧಿಯಿಲ್ಲದ ಸೊಪ್ಪು, ವರ್ಷಕ್ಕೆ ನಾಲ್ಕೈದು ಕಿಲೋ ಮೀನು, ಇಷ್ಟೇ ಗುರಿಯಿರಲಿ.

ನೀರಿನಲ್ಲಿ ನಡೆಯುವುದೇನು?

ಮೀನು ತಿಂದ ಆಹಾರದ ಸಾರಜನಕದಲ್ಲಿ ಹೆಚ್ಚಿನ ಪಾಲು ಅಮೋನಿಯಾ ಆಗಿ ನೀರಿಗೆ ಸೇರುತ್ತದೆ. ಅದು ಮೀನಿಗೇ ವಿಷ. ನೈಟ್ರೊಸೊಮೊನಾಸ್ ಎಂಬ ಜೀವಾಣುಗಳು ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ನೈಟ್ರೊಬ್ಯಾಕ್ಟರ್, ನೈಟ್ರೊಸ್ಪೈರಾ ಎಂಬ ಬೇರೆ ಜೀವಾಣುಗಳು ಅದನ್ನು ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ನೈಟ್ರೇಟ್ ಮೀನಿಗೆ ಬಾಧಕವಲ್ಲ, ಗಿಡಕ್ಕೆ ಗೊಬ್ಬರ. ಗಿಡ ಅದನ್ನು ಹೀರಿಕೊಂಡ ಮೇಲೆ ನೀರು ತಿಳಿಯಾಗಿ ಮೀನಿನ ತೊಟ್ಟಿಗೆ ಮರಳುತ್ತದೆ. ನಿಮ್ಮ ಹೊಲದ ಮಣ್ಣಿನಲ್ಲಿ ಯೂರಿಯಾ ಕರಗಿ ಬೆಳೆಗೆ ಒದಗುವುದೂ ಇದೇ ಜೀವಾಣುಗಳ ಕೆಲಸದಿಂದ.

ಆದ್ದರಿಂದ ಈ ಬೇಸಾಯದಲ್ಲಿ ಸಾಕಬೇಕಾದವು ಎರಡಲ್ಲ, ಮೂರು: ಮೀನು, ಗಿಡ, ಮತ್ತು ಕಣ್ಣಿಗೆ ಕಾಣದ ಜೀವಾಣು. ಹೊಸಬರು ಮೊದಲಿನ ಎರಡನ್ನು ನೋಡಿ ಮೂರನೆಯದನ್ನು ಮರೆಯುತ್ತಾರೆ. ತೊಟ್ಟಿ ಕಟ್ಟಿದ ಮರುದಿನವೇ ಮರಿ ಬಿಟ್ಟರೆ ಎರಡು ವಾರದೊಳಗೆ ಅವು ತೇಲುತ್ತವೆ. ಭತ್ತಕ್ಕೆ ಗದ್ದೆ ಕೆಸರು ಮಾಡಿ ಹದಕ್ಕೆ ತಂದು ನಾಟಿ ಮಾಡುವಂತೆ ಇಲ್ಲಿ ನೀರನ್ನು ಹದಗೊಳಿಸಿ ಆಮೇಲೆ ಮೀನು ಬಿಡಬೇಕು.

ತೊಟ್ಟಿ ಮತ್ತು ಮಡಿ

5 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳದ ತೊಟ್ಟಿ ಸಾಕು. ಎರಡೂವರೆ ಅಡಿ ನೀರು ನಿಲ್ಲಿಸಿದರೆ ಸುಮಾರು 1000 ಲೀಟರ್ ಆಗುತ್ತದೆ. ಅರ್ಧ ಭಾಗ ನೆಲದೊಳಗೆ ಇಳಿದಿದ್ದರೆ ಬೇಸಿಗೆಯಲ್ಲಿ ನೀರು ತಂಪಾಗಿರುತ್ತದೆ. ಪಕ್ಕದಲ್ಲಿ, ತೊಟ್ಟಿಯ ಅಂಚಿಗಿಂತ ಎತ್ತರದಲ್ಲಿ, 4 ಅಡಿ ಚೌಕ, 1 ಅಡಿ ಆಳದ ಮಡಿ ಕಟ್ಟಿ 20 ಮಿ.ಮೀ. ಜಲ್ಲಿ ತುಂಬಿ. ಸಣ್ಣ ಮೋಟಾರು ತೊಟ್ಟಿಯ ನೀರನ್ನು ಮಡಿಗೆ ಎತ್ತುತ್ತದೆ. ಮಡಿಯಲ್ಲಿ 10 ಅಂಗುಲ ಎತ್ತರದ ಪೈಪು ನಿಲ್ಲಿಸಿದರೆ ಆ ಮಟ್ಟ ಮೀರಿದ ನೀರು ಅದರೊಳಗೆ ಇಳಿದು ಮೇಲಿನಿಂದ ತೊಟ್ಟಿಗೆ ಧುಮುಕುತ್ತದೆ. ಧುಮುಕುವಾಗ ಗಾಳಿಯ ಆಮ್ಲಜನಕ ನೀರಿಗೆ ಬೆರೆಯುತ್ತದೆ. ಮೇಲಿನ 2 ಅಂಗುಲ ಜಲ್ಲಿ ಒಣಗಿದ್ದರೆ ಪಾಚಿ ಕಟ್ಟುವುದಿಲ್ಲ, ಬುಡ ಕೊಳೆಯುವುದಿಲ್ಲ.

ನೀರು ಮತ್ತು ಜಲ್ಲಿ ಸೇರಿ ಭಾರ ಎರಡು ಟನ್ನಿನ ಹತ್ತಿರ ಬರುತ್ತದೆ. ಸಿಂಧನೂರಿನ ಎರೆ ನೆಲ ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕಟ್ಟಿದ ತೊಟ್ಟಿ ಸೀಳುತ್ತದೆ. ಅಡಿಯ ಎರೆ ಮಣ್ಣು ತೆಗೆದು ಒಂದೂವರೆ ಅಡಿ ಗರಸು ತುಂಬಿ, ನೀರು ಹಾಕಿ ಬಡಿದು ಗಟ್ಟಿ ಮಾಡಬೇಕು. ತೊಟ್ಟಿಯ ಸುತ್ತಲೂ ಗರಸನ್ನೇ ತುಂಬಬೇಕು. ಲಿಂಗಸುಗೂರಿನ ಮಸಾರಿ ನೆಲದಲ್ಲಿ ಈ ಕಷ್ಟ ಕಡಿಮೆ.

ಹೊಸ ಸಿಮೆಂಟು ನೀರಿಗೆ ಸುಣ್ಣ ಬಿಡುತ್ತದೆ. ವಾರಕ್ಕೊಮ್ಮೆ ನೀರು ಬದಲಿಸಿ ಮೂರು ವಾರ ನೆನೆಸಬೇಕು. ಔಷಧಿ ತುಂಬಿದ್ದ ಡ್ರಮ್ಮುಗಳನ್ನು ಎಷ್ಟು ತೊಳೆದರೂ ಉಪಯೋಗಿಸಬಾರದು. ಜಲ್ಲಿಯಲ್ಲಿ ಸುಣ್ಣದ ಹರಳು ಇರಬಾರದು. ಪರೀಕ್ಷೆ ಸುಲಭ: ಕಲ್ಲಿನ ಮೇಲೆ ನಿಂಬೆರಸ ಹಿಂಡಿ, ನೊರೆಯೆದ್ದರೆ ಸುಣ್ಣವಿದೆ, ಬೇಡ.

ನೀರು ಹದಗೊಳಿಸುವ ಕ್ರಮ

ನೀರು ತುಂಬಿ ಮೋಟಾರು ಓಡಿಸಿ. ದಿನಕ್ಕೆ 5ರಿಂದ 10 ಗ್ರಾಂ ಮೀನಿನ ಆಹಾರ ಹಾಕಿ. ಅದು ಕೊಳೆತು ಅಮೋನಿಯಾ ಹುಟ್ಟುತ್ತದೆ, ಅದನ್ನು ತಿನ್ನಲು ಜೀವಾಣು ಹುಟ್ಟುತ್ತವೆ. ಮೀನುಗಳು ಆರೋಗ್ಯವಾಗಿರುವ ಹೊಂಡದಿಂದ ಒಂದು ಬಕೆಟ್ ನೀರು ತಂದು ಹೆಪ್ಪು ಹಾಕಿದಂತೆ ಬೆರೆಸಿದರೆ ಕೆಲಸ ಬೇಗ ಆಗುತ್ತದೆ. ಅಲಂಕಾರ ಮೀನಿನ ಅಂಗಡಿಗಳಲ್ಲಿ ಸಿಗುವ ನೀರು ಪರೀಕ್ಷೆಯ ಪೆಟ್ಟಿಗೆಯಿಂದ ಎರಡು ದಿನಕ್ಕೊಮ್ಮೆ ನೋಡಿ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ. ಬಳಿಕ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಲೀಟರಿಗೆ 1 ಮಿ.ಗ್ರಾಂ.ಗಿಂತ ಕೆಳಗಿಳಿದು, ಆಹಾರ ಹಾಕುತ್ತಿದ್ದರೂ ಒಂದು ವಾರ ಅಲ್ಲೇ ನಿಂತು, ನೈಟ್ರೇಟ್ ಕಾಣಿಸಿಕೊಂಡರೆ ನೀರು ಹದಕ್ಕೆ ಬಂದಂತೆ. ಇದಕ್ಕೆ 4ರಿಂದ 6 ವಾರ ಹಿಡಿಯುತ್ತದೆ. ಈ ಅವಧಿಯಲ್ಲಿ ಮರಿ ಬಿಡಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ.

ಎಷ್ಟು ಮೀನು, ಎಷ್ಟು ಆಹಾರ?

ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯು 2014ರಲ್ಲಿ ಹೊರತಂದ ಕೈಪಿಡಿಯಲ್ಲಿ ಸಣ್ಣ ಘಟಕಗಳಿಗೆ 1000 ಲೀಟರಿಗೆ 10ರಿಂದ 20 ಕಿಲೋ ಮೀನಿನ ಶಿಫಾರಸಿದೆ. ನಮ್ಮ ಜಿಲ್ಲೆಯಲ್ಲಿ ಹೊಸಬರು ಮೊದಲ ವರ್ಷ 5 ಕಿಲೋ ಮೀರಬಾರದೆಂದು ನನ್ನ ಸಲಹೆ. ಕಾರಣ ಕೇಳಿ.

ಬಿಸಿಯಾದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿ.ಗ್ರಾಂ. ಹಿಡಿಯುವ ನೀರು, 35 ಡಿಗ್ರಿಯಲ್ಲಿ 7 ಮಿ.ಗ್ರಾಂ. ಮಾತ್ರ ಹಿಡಿಯುತ್ತದೆ. ಬೆಚ್ಚಗಿನ ನೀರಿನಲ್ಲಿ ಒಂದು ಕಿಲೋ ಮೀನು ಗಂಟೆಗೆ ಸುಮಾರು 300 ಮಿ.ಗ್ರಾಂ. ಆಮ್ಲಜನಕ ಉಪಯೋಗಿಸುತ್ತದೆಂದು ಇಟ್ಟುಕೊಳ್ಳಿ. ಕರೆಂಟು ಹೋಗಿ ಮೋಟಾರು ನಿಂತಿತು. 10 ಕಿಲೋ ಮೀನಿದ್ದರೆ ಆಮ್ಲಜನಕ 7ರಿಂದ 3 ಮಿ.ಗ್ರಾಂ.ಗೆ ಇಳಿಯಲು ಒಂದೂಕಾಲು ಗಂಟೆ ಸಾಕು. 5 ಕಿಲೋ ಇದ್ದರೆ ಎರಡೂವರೆ ಗಂಟೆ ಸಿಗುತ್ತದೆ. ಅಷ್ಟರಲ್ಲಿ ನೀವು ಹೊಲದಿಂದ ಮನೆಗೆ ಬಂದು ಕೊಡದಿಂದ ನೀರೆತ್ತಿ ಸುರಿಯಬಹುದು. ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿಯಂತ್ರವೊಂದನ್ನು ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಹಾಗಾಗಿ 15 ಮರಿ ಸಾಕು. ಸಾಮಾನ್ಯ ಗೆಂಡೆ ಅಥವಾ ಪಂಗಾಸಿಯಸ್ ಆಯ್ದುಕೊಳ್ಳಿ. ಪಂಗಾಸಿಯಸ್ ಮೇಲಕ್ಕೆ ಬಂದು ಗಾಳಿ ಕುಡಿಯಬಲ್ಲದಾದ್ದರಿಂದ ಆಮ್ಲಜನಕದ ಕೊರತೆಯನ್ನು ತಾಳುತ್ತದೆ, ಆದರೆ ಚಳಿಗೆ ಮಂಕಾಗುತ್ತದೆ. ಆಫ್ರಿಕನ್ ಕ್ಯಾಟ್‌ಫಿಷ್ ಸಾಕಣೆ ನಮ್ಮ ದೇಶದಲ್ಲಿ ನಿಷಿದ್ಧ. ತಿಲಾಪಿಯಕ್ಕೆ ಪರವಾನಗಿ ಬೇಕು. ಮೊದಲು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.

ಎಲೆ ತರಕಾರಿಗೆ ಮಡಿಯ ಒಂದು ಚದರ ಮೀಟರಿಗೆ ದಿನಕ್ಕೆ 40-50 ಗ್ರಾಂ ಮೀನಿನ ಆಹಾರ ಎಂಬುದು ಅದೇ ಕೈಪಿಡಿಯ ಲೆಕ್ಕ. ನಮ್ಮ ಮಡಿ ಒಂದೂವರೆ ಚದರ ಮೀಟರ್. ಮೀನು ಬೆಳೆದಾಗ ದಿನಕ್ಕೆ 75 ಗ್ರಾಂ ಆಹಾರ ಅದಕ್ಕೆ ಸರಿಹೋಗುತ್ತದೆ. ಮರಿಗಳಿಗೆ ಕೆಲವು ಗ್ರಾಂನಿಂದ ಆರಂಭಿಸಿ, ಅರ್ಧ ಗಂಟೆಯಲ್ಲಿ ತಿಂದು ಮುಗಿಸುವಷ್ಟೇ ಹಾಕಿ, ಉಳಿದುದನ್ನು ತೆಗೆಯಿರಿ.

ಗಿಡಗಳು

ರಾಜಗಿರಿ, ಪಾಲಕ, ಪುಂಡಿಪಲ್ಯ, ಪುದೀನ, ಕೊತ್ತಂಬರಿ ಮೊದಲ ವರ್ಷಕ್ಕೆ ತಕ್ಕವು. ಚದರ ಮೀಟರಿಗೆ 20-25 ಗಿಡ. ಬದನೆ, ಟೊಮೆಟೊಗಳಿಗೆ ಹೆಚ್ಚು ಪೋಷಕಾಂಶ ಬೇಕು. ಅವನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ. ಎಳೆಯ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಕಬ್ಬಿಣದ ಕೊರತೆ. ಕೀಲೇಟ್ ರೂಪದ ಕಬ್ಬಿಣ ಕೊಡಬೇಕು. ಹಳೆಯ ಎಲೆಯ ಅಂಚು ಸುಟ್ಟಂತಾದರೆ ಪೊಟ್ಯಾಷ್ ಕೊರತೆ.

ಗಿಡ ಬಡವಾಯಿತೆಂದು ಒಂದು ಹಿಡಿ ಯೂರಿಯಾ ಎರಚುವುದು ನಮ್ಮ ಕೈಗೆ ಬಂದ ಅಭ್ಯಾಸ. ಇಲ್ಲಿ ಆ ಕೈ ಕಟ್ಟಿಕೊಳ್ಳಬೇಕು. 50 ಗ್ರಾಂ ಯೂರಿಯಾದಲ್ಲಿ 23 ಗ್ರಾಂ ಸಾರಜನಕವಿದೆ. 1000 ಲೀಟರಿನಲ್ಲಿ ಅದು ಅಮೋನಿಯಾ ಆಗಿ ಒಡೆದರೆ ಲೀಟರಿಗೆ 23 ಮಿ.ಗ್ರಾಂ. ಸಾರಜನಕ. ನಮ್ಮ ಮಿತಿ 1 ಮಿ.ಗ್ರಾಂ.! ಕೀಟನಾಶಕವನ್ನೂ ಮುಟ್ಟಬೇಡಿ. ಸೈಪರ್‌ಮೆಥ್ರಿನ್ ಜಾತಿಯ ಔಷಧಿಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನನ್ನು ಕೊಲ್ಲುತ್ತವೆ. ಬೇವಿನೆಣ್ಣೆಯೂ ಹೆಚ್ಚಾದರೆ ಮೀನಿಗೆ ಕೆಡುಕು. ಹುಳವನ್ನು ಕೈಯಿಂದ ಆರಿಸಿ. ಅಕ್ಕಪಕ್ಕದ ಗದ್ದೆಗೆ ಔಷಧಿ ಹೊಡೆಯುವ ದಿನ ತೊಟ್ಟಿಗೂ ಮಡಿಗೂ ತಾಡಪತ್ರಿ ಹೊದಿಸಿ.

ಮೂರು ತಾಲ್ಲೂಕು, ಮೂರು ಬಗೆ ನೀರು

ಸಿಂಧನೂರಿನವರು ಕಾಲುವೆ ನೀರು ಬಳಸಬಹುದು. ಗದ್ದೆಯಿಂದ ಬಸಿದು ಬಂದ ಹಳ್ಳದ ನೀರು ಬೇಡ, ಅದರಲ್ಲಿ ಗೊಬ್ಬರ ಮತ್ತು ಔಷಧಿ ಬೆರೆತಿರುತ್ತದೆ. ಲಿಂಗಸುಗೂರಿನ ಕಡೆ ಕೊಳವೆ ಬಾವಿಯ ನೀರು ಆಧಾರವಾಗಿರುವ ಊರುಗಳಲ್ಲಿ ಗಡಸುತನ ಮತ್ತು ರಸಸಾರ ಪರೀಕ್ಷೆ ಆಗಲೇಬೇಕು. ರಸಸಾರ 7ರಿಂದ 8ಕ್ಕೆ ಏರಿದರೆ ಅಷ್ಟೇ ಅಮೋನಿಯಾದ ವಿಷಕಾರಿ ಅಂಶ ಸುಮಾರು ಹತ್ತು ಪಟ್ಟಾಗುತ್ತದೆ. ಮಳೆನೀರು ಹಿಡಿದು ಬೆರೆಸಿದರೆ ಇಳಿಯುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಎರಡು ದಿನ ತೆರೆದಿಡಿ. ಮಸ್ಕಿ ಭಾಗದಲ್ಲಿ ಕಾಲುವೆಯ ಕೊನೆಯಲ್ಲಿರುವವರು ಅರ್ಧ ಅಳತೆಯ ತೊಟ್ಟಿ, ಏಳು ಮರಿಯಿಂದ ಆರಂಭಿಸಿ.

ಆವಿಯಾಗಿ ಹೋಗುವ ನೀರು ತುಂಬಲು ದಿನಕ್ಕೆ ಎರಡು ಕೊಡ ಬೇಕು. ಅಷ್ಟು ನೀರು ವರ್ಷವಿಡೀ ಮನೆಯಲ್ಲಿರುವುದೇ ಎಂದು ಮೊದಲು ಲೆಕ್ಕ ಹಾಕಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ತುಂಬಿದ ಜಲಾಶಯದ ನೀರು ಹರಿದುಹೋದುದನ್ನು ನಾವೆಲ್ಲ ಕಂಡಿದ್ದೇವೆ. ಕಾಲುವೆಯೊಂದನ್ನೇ ನಂಬಿ ಮೀನು ಬಿಡಬೇಡಿ.

ವರ್ಷದ ಕ್ರಮ

ಮೇ ತಿಂಗಳಲ್ಲಿ ತೊಟ್ಟಿ ಕಟ್ಟಿ ನೆನೆಸಿ. ಜೂನ್, ಜುಲೈಯಲ್ಲಿ ನೀರು ಹದಗೊಳಿಸಿ. ಬಿಸಿಲು ಇಳಿದ ಆಗಸ್ಟ್‌ನಲ್ಲಿ ಮರಿ ಬಿಡಿ. ಸೆಪ್ಟೆಂಬರ್‌ನಿಂದ ಫೆಬ್ರವರಿಯವರೆಗೆ ಸೊಪ್ಪಿನ ಒಳ್ಳೆಯ ಕಾಲ. ಮೀನು 300-400 ಗ್ರಾಂ ತೂಗುತ್ತಲೇ, ಮಾರ್ಚ್ ಮುಗಿಯುವುದರೊಳಗೆ, ಹಿಡಿದು ತಿನ್ನಿ. ಬಿಸಿಲು 40 ಡಿಗ್ರಿ ದಾಟುವ, ಕಾಲುವೆ ನಿಲ್ಲುವ ದಿನಗಳಲ್ಲಿ ತೊಟ್ಟಿಯಲ್ಲಿ ನಾಲ್ಕೈದು ಮೀನು ಮಾತ್ರ ಉಳಿಸಿದರೆ ಜೀವಾಣುಗಳಿಗೆ ಆಹಾರ ಸಿಕ್ಕಿ ಮುಂದಿನ ವರ್ಷಕ್ಕೆ ಹದ ಉಳಿಯುತ್ತದೆ. ಮೇಲೆ ಜೋಳದ ದಂಟಿನ ಚಪ್ಪರ ಹಾಕಿ.

ಮೋಟಾರು ಇಲ್ಲದವರಿಗೆ

40 ವ್ಯಾಟ್ ಮೋಟಾರು ಹಗಲಿರುಳು ಓಡಿದರೆ ದಿನಕ್ಕೆ ಒಂದು ಯೂನಿಟ್ ವಿದ್ಯುತ್ತು ಬೇಕು. ಅದು ನೆಚ್ಚಿಗೆ ಇಲ್ಲದ ಊರಿನವರು ನಿರಾಶರಾಗಬೇಕಿಲ್ಲ. ಅದೇ ತೊಟ್ಟಿಯಲ್ಲಿ ಐದಾರು ಮೀನು ಬಿಟ್ಟು, ದಿನವೂ ಹತ್ತರಲ್ಲೊಂದು ಪಾಲು ನೀರನ್ನು ಕೊಡದಲ್ಲಿ ತೆಗೆದು ಮಣ್ಣಿನ ಕೈತೋಟಕ್ಕೆ ಹಾಕಿ, ಅಷ್ಟೇ ಹೊಸ ನೀರು ತುಂಬಿ. ಇಲ್ಲಿ ಮಣ್ಣಿನ ಜೀವಾಣುಗಳೇ ಕೆಲಸ ಮಾಡುತ್ತವೆ. ನೀರು ಸ್ವಲ್ಪ ಹೆಚ್ಚು ಬೇಕು. ಅಪಾಯ ಬಹಳ ಕಡಿಮೆ. ಒಂದು ವರ್ಷ ಹೀಗೆ ಮೀನಿನ ನಡತೆ ಕಲಿತವರಿಗೆ ಮೋಟಾರಿನ ಘಟಕ ಸುಲಭವಾಗುತ್ತದೆ.

ಸಿಂಧನೂರಿನ ಸುತ್ತಲಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳಿವೆ. ಅನ್ನದ ಜೊತೆ ಮೀನು ಅವರಿಗೆ ತಲೆತಲಾಂತರದ ಊಟ. ಮರಿಯನ್ನು ನೀರಿಗೆ ಹೊಂದಿಸುವುದು, ಮೇಲೆ ಬಂದು ಬಾಯಿ ತೆರೆಯುವ ಮೀನಿನ ಸಂಕಟವನ್ನು ಗುರುತಿಸುವುದು ಮುಂತಾದುವನ್ನು ಅನುಭವಿಗಳಿಂದಲೇ ಕಲಿಯಬೇಕು. ನೀರಿನ ಪರೀಕ್ಷೆಗೆ ರಾಯಚೂರಿನ ಕೃಷಿ ವಿಶ್ವವಿದ್ಯಾನಿಲಯ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ.

ತಾಯಂದಿರೇ, ದಿನಕ್ಕೆ ಎರಡು ಹೊತ್ತು ಮೀನಿಗೆ ಆಹಾರ ಹಾಕುವುದು, ನೀರಿನ ಮೇಲೆ ಕಣ್ಣಿಡುವುದು ಹೆಚ್ಚಾಗಿ ನಿಮ್ಮ ಪಾಲಿಗೇ ಬರುತ್ತದೆ. ಆದ್ದರಿಂದ ತೊಟ್ಟಿ ಎಲ್ಲಿ, ಎಷ್ಟು ದೊಡ್ಡದು ಎಂಬ ತೀರ್ಮಾನವೂ ನಿಮ್ಮದಾಗಿರಲಿ. ಚಿಕ್ಕದಾಗಿ ಆರಂಭಿಸಿ, ಆರು ವಾರ ನೀರಿಗೆ ಕೊಡಿ, ಮೀನು ಕಡಿಮೆ ಬಿಡಿ. ಈ ಮೂರನ್ನು ಪಾಲಿಸಿದ ಮನೆಯಲ್ಲಿ ದೀಪಾವಳಿಯ ಹೊತ್ತಿಗೆ ಹಿತ್ತಲಿನ ಸೊಪ್ಪು ಒಲೆಯ ಮೇಲಿರುತ್ತದೆ.