ಹೊಟ್ಟೆಯೊಳಗಿನ ಗಡ್ಡೆ: ಅಂಜಬ್ಯಾಡ್ರಿ, ಮುಚ್ಚಿಡಬ್ಯಾಡ್ರಿ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಾನು ಬಿ.ಎ. ಓದುವ ವಿದ್ಯಾರ್ಥಿನಿ, ಡಾಕ್ಟರ್ ಅಲ್ಲ. ಓದಿ ತಿಳಿದದ್ದನ್ನು ಹೇಳುತ್ತೇನೆ. ಗಂಡಸರೂ ಕೇಳಬೇಕು, ಯಾಕಂದ್ರ ಹೆಣ್ಣುಮಕ್ಕಳು ದವಾಖಾನಿಗೆ ಹೋಗೋದು ಇನ್ನೂ ನಿಮ್ಮ ಮಾತಿನ ಮ್ಯಾಲೆ ಐತಿ.

ಸೋನೋಗ್ರಾಫಿಯಲ್ಲಿ "ಅಂಡಾಶಯದಾಗ ಗಡ್ಡಿ ಐತಿ" ಅಂದ್ರ ಮನಿಮಂದಿಯೆಲ್ಲಾ ಗಾಬರಿ ಆಗ್ತಾರ. ಬಹಳ ಸಲ ಅದು ಬರೀ ನೀರು ತುಂಬಿದ ಚೀಲ. ಮುಟ್ಟಾಗುವ ವಯಸ್ಸಿನಲ್ಲಿ ಬರುತ್ತದೆ, ಎರಡು-ಮೂರು ತಿಂಗಳಲ್ಲಿ ತಾನೇ ಕರಗುತ್ತದೆ. ಡರ್ಮಾಯ್ಡ್ ಎಂಬ ಇನ್ನೊಂದು ಗಡ್ಡೆಯಲ್ಲಿ ಕೂದಲು, ಕೊಬ್ಬು, ಕೆಲವೊಮ್ಮೆ ಹಲ್ಲು ಕೂಡ ಇರುತ್ತವೆ. ಅದು ಮಾಟ ಅಲ್ಲ, ಯಾರೋ ಮದ್ದು ಹಾಕಿದ್ದೂ ಅಲ್ಲ. ಅಂಡಾಶಯದ ಜೀವಕೋಶಕ್ಕೆ ಶರೀರದ ಬೇರೆ ಬೇರೆ ಭಾಗವಾಗಿ ಬೆಳೆಯುವ ಶಕ್ತಿ ಇದೆ, ಅದಕ್ಕೇ ಹೀಗೆ. ಈ ಡರ್ಮಾಯ್ಡ್ ಕ್ಯಾನ್ಸರ್ ಆಗುವುದು 100ರಲ್ಲಿ 1-2 ಮಾತ್ರ. ಅದೂ ಹೆಚ್ಚಾಗಿ ಮುಟ್ಟು ನಿಂತವರಲ್ಲಿ.

ಈ ಲೆಕ್ಕ ನಮಗೆ ಯಾಕೆ ಬೇಕು? ನಮ್ಮ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಬೀಡ ಜಿಲ್ಲೆಯಿಂದ ಕಬ್ಬು ಕಡಿಯುವವರು ಬರುತ್ತಾರೆ. ಅಲ್ಲಿಯ ಎಷ್ಟೋ ಹೆಣ್ಣುಮಕ್ಕಳ ಗರ್ಭಚೀಲವನ್ನೇ ತೆಗೆದ ಸುದ್ದಿ 2019ರಲ್ಲಿ ದೊಡ್ಡದಾಯಿತು, ಸರಕಾರ ಸಮಿತಿ ನೇಮಿಸಿತು. "ಕ್ಯಾನ್ಸರ್ ಆಗತೈತಿ ಅಂತ ಅಂಜಿಸಿದ್ರು" ಎಂದು ಹಲವರು ಹೇಳಿದರು. ತಿಳಿವಳಿಕೆ ಇಲ್ಲದ ಕಡೆ ಅಂಜಿಕೆಯೇ ವ್ಯಾಪಾರ ಆಗುತ್ತದೆ.

ಹಾಗಂತ ಸುಮ್ಮನೆ ಕೂಡಬಾರದು. ಹೊಟ್ಟೆ ಉಬ್ಬಿದ್ದು ಇಳಿಯದಿದ್ದರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದರೆ, ಕಿಬ್ಬೊಟ್ಟೆ ನೋವು ಹೋಗದಿದ್ದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ತೋರಿಸಲೇಬೇಕು. ಗಡ್ಡೆ ಇದ್ದವರಿಗೆ ಒಮ್ಮೆಲೇ ಜೋರು ನೋವು, ವಾಂತಿ ಬಂದರೆ ಅದು ತಿರುಚಿಕೊಂಡಿರಬಹುದು. ಅದೇ ಗಳಿಗೆಗೆ ಹೊರಡಬೇಕು.

ಡಾಕ್ಟರರನ್ನು ಮೂರು ಮಾತು ಕೇಳ್ರಿ: ಎಂಥಾ ಗಡ್ಡಿ? ಆಪರೇಶನ್ ಈಗಲೇ ಬೇಕೋ, ಕಾಯಬಹುದೋ? ತೆಗೆದ ಗಡ್ಡಿ ತಪಾಸಣೆಗೆ ಕಳಿಸ್ತೀರೋ ಇಲ್ಲೋ? ಒಳಗೆ ಕ್ಯಾನ್ಸರ್ ಇತ್ತೋ ಇಲ್ಲೋ ಎಂದು ಖಾತ್ರಿ ಹೇಳುವುದು ಆ ತಪಾಸಣೆಯೇ. ರಿಪೋರ್ಟ್ ಜೋಪಾನ ಇಡ್ರಿ. ಕೊಲ್ಹಾಪುರದ ಸಿ.ಪಿ.ಆರ್. ಸರಕಾರಿ ದವಾಖಾನೆ ಇದೆ. ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಕ್ಯಾನ್ಸರ್ ಉಪಚಾರವೂ ಸೇರಿದೆ.

1928ರಲ್ಲಿ ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ದುಡಿಯುವ ಬಾಣಂತಿಯರ ರಜೆ, ಭತ್ಯೆಯ ಪರ ಮಾತಾಡಿದರು. ಹೆಣ್ಣಿನ ಶರೀರದ ಮಾತು ತುಂಬಿದ ಸಭೆಯಲ್ಲಿ ಆಡಲು ಅವರು ನಾಚಲಿಲ್ಲ. ನಾವ್ಯಾಕ ನಾಚಬೇಕು? ಇವತ್ತು ಮನಿಗೆ ಹೋಗಿ ನಿಮ್ಮ ಅವ್ವನ್ನ ಕೇಳ್ರಿ: "ಹೊಟ್ಟಿ ಬ್ಯಾನಿ ಏನರ ಐತೇನಬೇ?"

ಜೈ ಭೀಮ್.