‘ಕಾಮ್‌ಲಿ’ ಎಲ್ಲಿ ಸಲ್ಲುತ್ತದೆ?



ಇಂಗ್ಲಿಷಿನ ‘ಕಾಮ್‌ಲಿ’ ಎಂಬ ಕ್ರಿಯಾವಿಶೇಷಣಕ್ಕೆ ‘ಶಾಂತವಾಗಿ’ ಎಂದರ್ಥ. ಬರೆಯುವಾಗ ಎರಡು ‘ಎಲ್’ ಬರುತ್ತವೆ. ಸಾಮಾನ್ಯವಾಗಿ ಮೊದಲನೆಯದು ಮೂಕ. ಆದರೆ ನಿಜವಾದ ತೊಡಕು ಉಚ್ಚಾರದ್ದಲ್ಲ. ‘ಶಾಂತವಾಗಿ ಮಾತನಾಡಿದಳು’, ‘ಶಾಂತವಾಗಿ ಇದ್ದಳು’ ಎನ್ನಲು ಕನ್ನಡದಲ್ಲಿ ನಮಗೆ ಒಂದೇ ಪದ ಸಾಕು. ಆದ್ದರಿಂದಲೇ ಉತ್ತರಪತ್ರಿಕೆಗಳಲ್ಲಿ ‘ಷಿ ವಾಸ್ ಕಾಮ್‌ಲಿ’ ಎಂಬ ವಾಕ್ಯ ಹುಟ್ಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಇರುವ ಸ್ಥಿತಿಗೆ ‘ಕಾಮ್’, ಮಾಡುವ ರೀತಿಗೆ ‘ಕಾಮ್‌ಲಿ’. ‘ಷಿ ಲುಕ್ಡ್ ಕಾಮ್’ ಎಂದರೆ ಆಕೆ ಶಾಂತಳಾಗಿ ಕಂಡಳು; ‘ಷಿ ಲುಕ್ಡ್ ಕಾಮ್‌ಲಿ ಅಟ್ ದ ಸ್ನೇಕ್’ ಎಂದರೆ ಆಕೆ ಗಾಬರಿಯಿಲ್ಲದೆ ಹಾವನ್ನು ನೋಡಿದಳು. ಹಾವಿಗೆ ಏನನ್ನಿಸಿತೋ, ವ್ಯಾಕರಣ ಹೇಳುವುದಿಲ್ಲ!

‘ಕ್ವಯಟ್‌ಲಿ’ಯೊಡನೆ ಇದನ್ನು ಬೆರೆಸಬೇಡಿ. ಅದು ಸದ್ದಿನ ಮಾತು, ಇದು ಹಿಡಿತದ ಮಾತು. ಸಿಟ್ಟಿನಿಂದ ಪಿಸುಗುಟ್ಟಬಹುದು, ಗಟ್ಟಿದನಿಯಲ್ಲೂ ಶಾಂತವಾಗಿ ಹೇಳಬಹುದು.

1970ರ ಏಪ್ರಿಲ್ 13ರಂದು, ಅಮೆರಿಕದ ವೇಳೆಯಂತೆ ರಾತ್ರಿ, ಅಪೋಲೋ 13 ನೌಕೆಯ ಆಮ್ಲಜನಕದ ತೊಟ್ಟಿಯೊಂದು ಸಿಡಿಯಿತು. ಭೂಮಿ ಮೂರು ಲಕ್ಷ ಕಿಲೋಮೀಟರಿಗಿಂತ ದೂರ. ಮೊದಲು ಜ್ಯಾಕ್ ಸ್ವಿಗರ್ಟ್, ಬಳಿಕ ಜಿಮ್ ಲೊವೆಲ್, ತೊಂದರೆಯಾಗಿದೆಯೆಂದು ಹ್ಯೂಸ್ಟನ್ನಿಗೆ ತಿಳಿಸಿದ ಧ್ವನಿಮುದ್ರಣ ಉಳಿದಿದೆ. ಅವಕಾಶ ಸಿಕ್ಕರೆ ಕೇಳಿ. ಕಿರುಚಾಟವಿಲ್ಲ, ತಡವರಿಕೆಯೂ ಇಲ್ಲವೆನ್ನಬೇಕು. ‘ದೇ ಸ್ಪೋಕ್ ಕಾಮ್‌ಲಿ’ ಎಂದು ನೀವು ಧೈರ್ಯವಾಗಿ ಬರೆಯಬಹುದು. ‘ದೇ ವರ್ ಕಾಮ್’ ಎನ್ನಲು ಮಾತ್ರ ನಾನು ಹಿಂಜರಿಯುತ್ತೇನೆ; ನಮಗೆ ಕೇಳಿಸಿರುವುದು ಅವರ ದನಿಯಷ್ಟೆ.