ಸೈಕಲ್ಲಿನ ಅಂಗರಕ್ಷಣೆ

ಸೈಕಲ್ಲು ಕಳೆದುಕೊಂಡವನನ್ನು ಕಂಡರೆ ನಾಲ್ಕು ಜನ ಅಯ್ಯೋ ಎನ್ನುತ್ತಾರೆ. ಸೀಟು ಕಳೆದುಕೊಂಡವನನ್ನು ಕಂಡರೆ ನಗುತ್ತಾರೆ. ಇದು ನನ್ನ ಅನುಭವದ ಮಾತು. ಒಂದು ಸಂಜೆ ರೈಲಿಳಿದು ಬಂದು ನೋಡುತ್ತೇನೆ, ಬೀಗ ಹಾಕಿದ್ದ ಸೈಕಲ್ಲು ಇಟ್ಟಲ್ಲಿಯೇ ಇದೆ, ಸೀಟು ಮಾತ್ರ ಇಲ್ಲ. ಅದಿದ್ದ ಕಡೆ ಒಂದು ತೂತು. ಮನೆ ಮೂರು ಕಿಲೋಮೀಟರು. ನಿಂತುಕೊಂಡೇ ಪೆಡಲು ತುಳಿಯುತ್ತ ಹೊರಟೆ. ಎದುರು ಸಿಕ್ಕ ಹಳೆಯ ಶಿಷ್ಯನೊಬ್ಬ, “ಏನು ಮೇಷ್ಟ್ರೇ, ಇಷ್ಟೊಂದು ಅವಸರ?” ಎಂದ. ಕರ್ಣನ ರಥದ ಚಕ್ರ ನೆಲದಲ್ಲಿ ಹೂತಿತು, ನಿಜ. ಅವನಿಗೆ ಕೂರುವುದಕ್ಕೆ ಪೀಠವಾದರೂ ಇತ್ತು.

ನನ್ನದು ನಗುವಿನಲ್ಲಿ ಮುಗಿಯಿತು. ನಮ್ಮ ಹತ್ತನೆಯ ತರಗತಿಯ ಒಬ್ಬ ಹುಡುಗಿಯದು ಹಾಗೆ ಮುಗಿಯಲಿಲ್ಲ. ಹಳ್ಳಿಯಿಂದ ಹೆದ್ದಾರಿಯವರೆಗೆ ಸೈಕಲ್ಲು, ಅಲ್ಲಿ ಅದನ್ನು ಮರದ ಕೆಳಗಿಟ್ಟು ಬಸ್ಸು. ಒಂದು ದಿನ ಮುಂದಿನ ಚಕ್ರವೇ ಇರಲಿಲ್ಲ. ಕೂಲಿ ಮಾಡುವ ತಂದೆ, ಕೈಯಲ್ಲಿ ಕಾಸಾದಾಗ ನೋಡೋಣ ಎಂದರಂತೆ. ಹಾಜರಿ ಪುಸ್ತಕದಲ್ಲಿ ಸಾಲಾಗಿ ಒಂಬತ್ತು ಗೈರುಹಾಜರಿ ಕಂಡಾಗ ನಾನು ವಿಚಾರಿಸಿದೆ. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂದಿತ್ತು. ಮನೆಯಲ್ಲಿ ಶಾಲೆ ಬಿಡಿಸುವ ಮಾತೂ ನಡೆದಿತ್ತು. ಉಪಾಧ್ಯಾಯರೆಲ್ಲ ಸೇರಿ ಚಕ್ರ ಹಾಕಿಸಿಕೊಟ್ಟೆವು. ಆ ಮೇಲೆಯೇ ನಾನು ಈ ವಿದ್ಯೆಯನ್ನು ಅಭ್ಯಾಸ ಮಾಡಿದ್ದು.

ಆ ಹುಡುಗಿ ಬೀಗ ಹಾಕಿರಲಿಲ್ಲವೆ? ಹಾಕಿದ್ದಳು. ನಮ್ಮ ಸಾಮಾನ್ಯ ಸೈಕಲ್ಲುಗಳಿಗೆ ಹಿಂದಿನ ಚಕ್ರದ ಮೇಲೆ ಬಳೆಯ ಹಾಗೆ ಕೂರುವ ಬೀಗವುಂಟಲ್ಲ, ಅದರ ಸಲಾಕೆ ಕಡ್ಡಿಗಳ ನಡುವೆ ಹಾಯುತ್ತದೆ. ಅದು ಹಿಂದಿನ ಚಕ್ರವನ್ನು ಕಾಯುತ್ತದೆ. ಮುಂದಿನ ಚಕ್ರದ ಗೊಡವೆ ಅದಕ್ಕಿಲ್ಲ. ಇಡೀ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ನಡೆದರೂ ಆ ಬೀಗ ಜೊತೆಯಲ್ಲಿ ಹೊರಟುಬಿಡುತ್ತದೆ, ಬೇಡವೆನ್ನುವುದಿಲ್ಲ.

ಬಿಡಿಭಾಗವನ್ನು ಕದ್ದವನಿಗೆ ಒಂದು ದೊಡ್ಡ ಅನುಕೂಲವಿದೆ. ಇಟಲಿಯ ವಿತ್ತೋರಿಯೊ ಡಿ ಸಿಕಾ 1948ರಲ್ಲಿ ತೆಗೆದ ‘ಬೈಸಿಕಲ್ ಥೀವ್ಸ್’ ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ರೋಮ್ ನಗರದಲ್ಲಿ ಗೋಡೆಗೆ ಚಿತ್ರಪಟ ಅಂಟಿಸುವ ಬಡವನ ಸೈಕಲ್ಲು ಕಳುವಾಗುತ್ತದೆ. ಮರುದಿನ ಗೆಳೆಯರೊಡನೆ ಸಂತೆಗೆ ಹೋಗಿ ಹುಡುಕುವಾಗ ಅವರು ಹುಡುಕುವುದು ಸೈಕಲ್ಲನ್ನಲ್ಲ. ಒಬ್ಬ ಫ್ರೇಮು, ಒಬ್ಬ ಟೈರು, ಪುಟ್ಟ ಮಗ ಗಂಟೆ ಮತ್ತು ಪಂಪು. ಅನುಮಾನ ಬಂದ ಫ್ರೇಮೊಂದರ ಸಂಖ್ಯೆಯನ್ನು ತೋರಿಸು ಎಂದು ಜಗಳವಾಗುತ್ತದೆ. ಫ್ರೇಮಿಗಾದರೆ ಸಂಖ್ಯೆಯುಂಟು, ಸಾಮಾನ್ಯವಾಗಿ ಪೆಡಲಿನ ಅಚ್ಚಿನ ಅಡಿಯಲ್ಲಿ ಕೆತ್ತಿರುತ್ತಾರೆ. ಅದನ್ನು ಇಂದೇ ಬರೆದಿಡಿ. ಚಕ್ರಕ್ಕೂ ಸೀಟಿಗೂ ಅಂಥ ಗುರುತಿಲ್ಲ. ಪಂಕ್ಚರ್ ಹಾಕಿಸುವಾಗ ಟೈರಿನೊಳಗೆ ನಿಮ್ಮ ಹೆಸರಿನ ಚೀಟಿಯೊಂದನ್ನು ಸೇರಿಸಿರಿ. ಮುಂದೆ ವಾದ ಬಂದರೆ ಸಾಕ್ಷಿ ಹೇಳುತ್ತದೆ.

ಈಚಿನ ಗೇರು ಸೈಕಲ್ಲುಗಳಲ್ಲಿ ಕಳ್ಳನಿಗೆ ಸ್ಪ್ಯಾನರೂ ಬೇಡ. ಇಟಲಿಯ ಪಂದ್ಯಗಾರ ಟುಲಿಯೊ ಕಂಪನ್ಯೋಲೊ, ಪಂದ್ಯದ ನಡುವೆ ಚಕ್ರವನ್ನು ಬೇಗ ಬಿಚ್ಚಬೇಕೆಂದು, 1930ರ ದಶಕದಲ್ಲಿ ಕೈಯಿಂದಲೇ ತಿರುಗಿಸುವ ಹಿಡಿಯನ್ನು ಬಳಕೆಗೆ ತಂದ. ಪಂದ್ಯಕ್ಕೆ ಅದು ವರ. ದಿನವಿಡೀ ನಿಲ್ದಾಣದ ಮುಂದೆ ನಿಲ್ಲುವ ಸೈಕಲ್ಲಿಗೆ ಏತಕ್ಕೆ? ಅಂಗಡಿಯವನಿಗೆ ಹೇಳಿ ಹಿಡಿಯನ್ನು ತೆಗೆಸಿ, ಬೋಲ್ಟು ಹಾಕಿಸಿ. ಸೈಕಲ್ಲನ್ನು ಪಕ್ಕಕ್ಕೆ ಮಲಗಿಸಿದರೆ ಮಾತ್ರ ಬಿಚ್ಚುವ ನಟ್ಟುಗಳೂ ಬಂದಿವೆ. ಕಂಬಕ್ಕೆ ಬಿಗಿದ ಸೈಕಲ್ಲನ್ನು ಮಲಗಿಸುವುದು ಹೇಗೆ? ನನಗೆ ಬಹಳ ಮೆಚ್ಚಿಕೆಯಾದ ಯುಕ್ತಿ ಇದು, ಆದರೆ ಬೆಲೆ ಹೆಚ್ಚು.

ಬೀಗ ಹಾಕುವ ಜಾಗದಲ್ಲಿಯೇ ಹೆಚ್ಚಿನ ಜಾಣತನವಿದೆ. ಅಮೆರಿಕದ ಶೆಲ್ಡನ್ ಬ್ರೌನ್ (1944–2008) ಸೈಕಲ್ ರಿಪೇರಿಯಲ್ಲಿ ಹೆಸರಾದ ತಜ್ಞ. ಆತ ಹೇಳಿದ್ದು ಹೀಗೆ: ಸೀಟಿನ ಕೆಳಗಿನ ಕೊಳವೆ ಮತ್ತು ಹಿಂದಿನ ಚಕ್ರವನ್ನು ಹಿಡಿದಿರುವ ಕೊಳವೆಗಳು ಸೇರಿ ಒಂದು ತ್ರಿಕೋನವಾಗುತ್ತದೆಯಲ್ಲವೆ? ಆ ತ್ರಿಕೋನದೊಳಗೆ ಬರುವ ರಿಮ್ಮಿನ ಭಾಗವನ್ನೂ ಕಂಬವನ್ನೂ ಸೇರಿಸಿ ಉಕ್ಕಿನ ಯು ಆಕಾರದ ಬೀಗ ಹಾಕಿರಿ. ಫ್ರೇಮಿಗೆ ಬೇರೆ ಬೀಗ ಬೇಡ. ಬೀಗ ಬಿದ್ದ ಚಕ್ರ ಆ ತ್ರಿಕೋನವನ್ನು ದಾಟಿ ಹೊರಗೆ ಬರಲಾರದು. ಮುಂದಿನ ಚಕ್ರಕ್ಕೆ, ಕಡ್ಡಿಗಳ ನಡುವೆ ಹಾಯಿಸಿ ಫ್ರೇಮಿಗೂ ಕಂಬಕ್ಕೂ ಬಿಗಿದ ಸರಪಳಿ. ತೆಳ್ಳಗಿನ ತಂತಿಯ ಬೀಗವನ್ನು ನಂಬಬೇಡಿ, ಕತ್ತರಿಗೆ ಅದು ಬಾಳೆಯ ನಾರು.

ಸೀಟಿನದು ಖರ್ಚಿಲ್ಲದ ಕೆಲಸ. ಸವೆದು ಎಸೆದ ಸೈಕಲ್ ಚೈನಿನ ಗೇಣುದ್ದದ ತುಂಡೆರಡನ್ನು ಕೂಡಿಸಿ, ಹಳೆಯ ಟ್ಯೂಬಿನೊಳಗೆ ತೂರಿಸಿ, ಸೀಟಿನ ಅಡಿಯ ಕಂಬಿಗೂ ಫ್ರೇಮಿಗೂ ಸುತ್ತಿ, ಕೊಂಡಿ ಸೇರಿಸಿಬಿಟ್ಟರೆ ಆಯಿತು. ಟ್ಯೂಬು ಇರುವುದರಿಂದ ಬಣ್ಣ ಕೆರೆಯದು. ಸೀಟು ಬಿಗಿಯುವ ಬೋಲ್ಟಿಗೆ ಆರು ಮೂಲೆಯ ಕುಳಿಯಿದ್ದರೆ, ಅದರಲ್ಲಿ ಒಂದು ಉಕ್ಕಿನ ಗುಂಡನ್ನು ಕೂರಿಸಿ ಮೇಣ ತುಂಬಿಸಿರಿ. ಕೀಲಿ ಹಿಡಿಯದು. ನಿಮಗೆ ಬೇಕಾದಾಗ ಸೂಜಿಯಿಂದ ಮೇಣವನ್ನು ಕೆದಕಿ ತೆಗೆಯಬಹುದು, ತಾಳ್ಮೆಯಿರಬೇಕು ಅಷ್ಟೆ, ಕಳ್ಳನಿಗಿಲ್ಲದ್ದು ಅದೇ.

ಹೋದದ್ದು ಬರಿಯ ಚಕ್ರ ತಾನೆ ಎಂದು ದೂರು ಕೊಡದೆ ಇರುವವರೇ ಹೆಚ್ಚು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಲ್ಲಿ, 5,000 ರೂಪಾಯಿಗೆ ಒಳಗಿನ ಮಾಲನ್ನು ಕದ್ದು ಮೊದಲ ಸಲ ಅಪರಾಧಿಯಾದವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಆ ಹುಡುಗಿಯ ಚಕ್ರ ಕದ್ದವನು ಸಿಕ್ಕಿದ್ದರೆ ನಮ್ಮ ಶಾಲೆಯ ಅಂಗಳ ಗುಡಿಸಲಿ ಎಂದು ಕೇಳಿಕೊಳ್ಳುತ್ತಿದ್ದೆ. ಸಿಗಲಿಲ್ಲ.

ಹುಡುಗಿ ಈಗ ಸೈಕಲ್ಲನ್ನು ಮರದ ಕೆಳಗಲ್ಲ, ಚಹದಂಗಡಿಯವನ ಕಣ್ಣ ಮುಂದಿನ ಕಂಬಕ್ಕೆ ಬಿಗಿಯುತ್ತಾಳೆ. ಸರಪಳಿಯ ಕೀಲಿ ಅವಳ ಕಂಪಾಸು ಪೆಟ್ಟಿಗೆಯಲ್ಲಿರುತ್ತದೆ, ಇನ್ನೊಂದು ನನ್ನ ಮೇಜಿನಲ್ಲಿ. ಗಣಿತದ ಪರೀಕ್ಷೆಯ ದಿನ ಪೆಟ್ಟಿಗೆಯನ್ನು ಮನೆಯಲ್ಲಿ ಮರೆತುಬಂದು, ಕೈವಾರ ಯಾರಿಂದಲೋ ಕಡ ತಂದು ಬರೆದಳಂತೆ. ಸಂಜೆ ಕೀಲಿಗೆ ಮಾತ್ರ ನನ್ನ ಬಳಿಗೆ ಬಂದಳು. ಆ ಬೆಳಗ್ಗೆ ಕೀಲಿಯಿಲ್ಲದೆಯೇ ಸರಪಳಿಯನ್ನು ಒತ್ತಿ ಹಾಕಿ ಬಂದಿದ್ದಳು.